ಎಂಪಿ3 ಪ್ಲೇಯರನ್ನು ಕಂಪ್ಯೂಟರ್ ಗುರುತಿಸದಿದ್ದರೆ: ಫಾರ್ಮ್ಯಾಟ್ ಮಾಡುವ ಮುನ್ನ ಓದಿ



ನಮ್ಮ ಕರಾವಳಿಯ ಅನೇಕ ಧರ್ಮಗುರುಗಳು ಮತ್ತು ಧರ್ಮಭಗಿನಿಯರು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದ ಊರುಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಹಳ್ಳಿಯ ಪ್ರಾರ್ಥನಾ ಕೂಟಕ್ಕೆ ಹಾರ್ಮೋನಿಯಂ ನುಡಿಸುವವರು ಸಿಗದಿದ್ದಾಗ ಒಂದು ಎಂಪಿ3 ಪ್ಲೇಯರ್ ಮತ್ತು ಪುಟ್ಟ ಸ್ಪೀಕರ್ ಸಾಕಾಗುತ್ತದೆ. ಅದೇ ಪ್ಲೇಯರಿನಲ್ಲಿ ಗಾಯನ ಮಂಡಳಿಯ ಅಭ್ಯಾಸ, ಹಿರಿಯ ಉಪದೇಶಿಯೊಬ್ಬರು ಹೇಳಿಕೊಟ್ಟ ಜಪಸರ, ಶಿಲುಬೆಯ ಹಾದಿಯ ಹಾಡುಗಳನ್ನೂ ರೆಕಾರ್ಡ್ ಮಾಡಿರುತ್ತಾರೆ. ಹೆಚ್ಚಾಗಿ ಇವಕ್ಕೆ ಬೇರೆ ಪ್ರತಿ ಇರುವುದಿಲ್ಲ.

ಒಂದು ದಿನ ಪ್ಲೇಯರನ್ನು ಕಂಪ್ಯೂಟರಿಗೆ ಜೋಡಿಸಿದರೆ ಏನೂ ಕಾಣುವುದಿಲ್ಲ. ಕುರುಗೋಡಿನಿಂದ ಬಳ್ಳಾರಿ ನಗರಕ್ಕೆ ಸುಮಾರು 30 ಕಿ.ಮೀ., ಸಿರುಗುಪ್ಪದಿಂದ ಸುಮಾರು 55 ಕಿ.ಮೀ. ಅಷ್ಟು ದೂರ ಹೋಗಿ ರಿಪೇರಿಗೆ ಕೊಟ್ಟಾಗ "ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ" ಎಂಬ ಉತ್ತರ ಬರಬಹುದು. ಪ್ಲೇಯರ್ ಸರಿಹೋಗುತ್ತದೆ, ಒಳಗಿನ ಧ್ವನಿ ಮಾತ್ರ ಅಳಿಸಿ ಹೋಗುತ್ತದೆ. ಆದ್ದರಿಂದ ಮೊದಲು ಮನೆಯಲ್ಲೇ ಈ ಕೆಳಗಿನವುಗಳನ್ನು ಕ್ರಮವಾಗಿ ಪರೀಕ್ಷಿಸಿ.

1. ಕೇಬಲ್: ಹೆಚ್ಚಿನ ತೊಂದರೆ ಇಲ್ಲೇ ಇರುತ್ತದೆ. ಸಾಮಾನ್ಯ ಯುಎಸ್‌ಬಿ ಕೇಬಲಿನಲ್ಲಿ ನಾಲ್ಕು ತಂತಿಗಳಿವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಕೆಲವು ಅಗ್ಗದ ಕೇಬಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಪ್ಲೇಯರ್ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಫೈಲುಗಳನ್ನು ಸಾಗಿಸಲು ಬಳಸಿ ಗೊತ್ತಿರುವ ಬೇರೆ ಕೇಬಲ್ ಹಾಕಿ ನೋಡಿ.

2. ಪೋರ್ಟ್ ಮತ್ತು ಧೂಳು: ಸಿಪಿಯು ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದ್ದಕ್ಕೆ ನೇರವಾಗಿ ಜೋಡಿಸಿ. ಭತ್ತದ ಕಣ, ಮಣ್ಣಿನ ರಸ್ತೆಗಳ ಧೂಳು ಪ್ಲೇಯರಿನ ತೂತಿನಲ್ಲಿ ಸೇರಿಕೊಂಡಿರಬಹುದು. ಪ್ಲೇಯರನ್ನು ಆಫ್ ಮಾಡಿ, ಒಣ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಸೂಜಿ ಬೇಡ.

3. ಬ್ಯಾಟರಿ: ಪೂರ್ತಿ ಖಾಲಿಯಾದ ಪ್ಲೇಯರ್ ಜೋಡಿಸಿದ ಕೂಡಲೇ ಎಚ್ಚರಗೊಳ್ಳುವುದಿಲ್ಲ. ಅರ್ಧ ಗಂಟೆ ಚಾರ್ಜ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಜೀಪಿನೊಳಗೆ ಇನ್ನೂ ಹೆಚ್ಚು. ಇಂಥ ಶಾಖಕ್ಕೆ ಲಿಥಿಯಂ ಬ್ಯಾಟರಿ ಊದಿಕೊಳ್ಳಬಹುದು. ಪ್ಲೇಯರಿನ ಹಿಂಬದಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ. ಬೆಂಕಿಯ ಅಪಾಯವಿದೆ.

4. ಸಂಪರ್ಕದ ವಿಧಾನ: ಅನೇಕ ಪ್ಲೇಯರುಗಳ ಸೆಟ್ಟಿಂಗ್ಸ್‌ನಲ್ಲಿ ಎಂಎಸ್‌ಸಿ, ಎಂಟಿಪಿ ಎಂಬ ಎರಡು ಆಯ್ಕೆಗಳಿವೆ. ಎಂಎಸ್‌ಸಿಯಲ್ಲಿ ಪ್ಲೇಯರ್ ಪೆನ್ ಡ್ರೈವಿನಂತೆ ಕಾಣುತ್ತದೆ. ಎಂಟಿಪಿಗೆ ಕಂಪ್ಯೂಟರಿನಲ್ಲಿ ಸರಿಯಾದ ಡ್ರೈವರ್ ಬೇಕು. ಒಂದರಲ್ಲಿ ಕಾಣದಿದ್ದರೆ ಇನ್ನೊಂದಕ್ಕೆ ಬದಲಿಸಿ.

5. ಡ್ರೈವ್ ಅಕ್ಷರ: ವಿಂಡೋಸ್‌ನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಪ್ಲೇಯರ್ ಇದ್ದು ಅದಕ್ಕೆ ಅಕ್ಷರ ಮಾತ್ರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ. ಇದರಿಂದ ಏನೂ ಅಳಿಸುವುದಿಲ್ಲ. ಅಲ್ಲೂ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿರುವ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ, ಪ್ಲೇಯರ್ ಕಳಚಿ ಮತ್ತೆ ಜೋಡಿಸಿ. ಇದೂ ಕಂಪ್ಯೂಟರಿನ ಡ್ರೈವರಿಗೆ ಸಂಬಂಧಿಸಿದ್ದು, ಹಾಡುಗಳಿಗೆ ತೊಂದರೆಯಿಲ್ಲ.

6. ಗಲ್ಫಿನಿಂದ ಬಂದ ಐಪಾಡ್: ಐಪಾಡ್ ತಯಾರಿಕೆಯನ್ನು ಆಪಲ್ 2022ರಲ್ಲಿ ನಿಲ್ಲಿಸಿದರೂ ಹಳೆಯವು ಇನ್ನೂ ಬಳಕೆಯಲ್ಲಿವೆ. ವಿಂಡೋಸ್‌ನಲ್ಲಿ ಇದಕ್ಕೆ ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ತಂತ್ರಾಂಶ ಬೇಕು. ಅಲ್ಲಿ "ರಿಸ್ಟೋರ್" ಒತ್ತಿದರೆ ಎಲ್ಲವೂ ಅಳಿಸುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ "ಇರೇಸ್ ಆ್ಯಂಡ್ ಸಿಂಕ್" ಎಂದು ಕೇಳಿದರೆ ಒಪ್ಪಬೇಡಿ.

ವಿಶೇಷ ಗಮನಕ್ಕೆ: "ಬಳಸುವ ಮೊದಲು ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಎಂಬ ಸಂದೇಶ ಬಂದರೆ "ಕ್ಯಾನ್ಸಲ್" ಒತ್ತಿ. ಫೈಲುಗಳ ಪಟ್ಟಿ ಕೆಟ್ಟಿದೆ ಎಂದಷ್ಟೇ ಇದರ ಅರ್ಥ ಇರಬಹುದು. ಧ್ವನಿ ಒಳಗೆ ಹಾಗೆಯೇ ಉಳಿದಿರುವ ಸಾಧ್ಯತೆ ಇದೆ. ಪ್ಲೇಯರ್ ತಾನಾಗಿ ಹಾಡುತ್ತಿದ್ದರೆ ಅದರ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಜೋಡಿಸಿ ಮೊದಲು ಧ್ವನಿಯನ್ನು ಮುದ್ರಿಸಿಕೊಳ್ಳಿ. ಮೆಮೊರಿ ಕಾರ್ಡ್ ಇದ್ದರೆ ಹೊರತೆಗೆದು ಕಾರ್ಡ್ ರೀಡರಿನಲ್ಲಿ ನೋಡಿ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಕಾರ್ಡಿನಿಂದ ಎಂಪಿ3 ಮತ್ತು ವೇವ್ ಫೈಲುಗಳನ್ನು ಹುಡುಕಿ ತೆಗೆಯಬಲ್ಲದು. ಸಿಕ್ಕ ಫೈಲುಗಳನ್ನು ಅದೇ ಕಾರ್ಡಿಗೆ ಉಳಿಸದೆ ಕಂಪ್ಯೂಟರಿನಲ್ಲಿ ಉಳಿಸಿ. ಅಲ್ಲಿಯವರೆಗೆ ಹೊಸದೇನನ್ನೂ ಅದರಲ್ಲಿ ರೆಕಾರ್ಡ್ ಮಾಡಬೇಡಿ. ರಿಪೇರಿಗೆ ಕೊಡಲೇಬೇಕಾದರೆ "ಒಳಗಿನ ರೆಕಾರ್ಡಿಂಗ್ ಬೇಕು, ಫಾರ್ಮ್ಯಾಟ್ ಬೇಡ" ಎಂದು ಚೀಟಿಯಲ್ಲಿ ಬರೆದು ಅಂಟಿಸಿ.

ಫೈಲುಗಳು ಸಿಕ್ಕಿದ ನಂತರ ಪ್ಲೇಯರನ್ನು ಫಾರ್ಮ್ಯಾಟ್ ಮಾಡಲು ಅಡ್ಡಿಯಿಲ್ಲ. ಆದರೆ ಇನ್ನು ಮುಂದೆ ಪ್ರತಿ ರೆಕಾರ್ಡಿಂಗಿನ ಒಂದು ಪ್ರತಿ ಧರ್ಮಕೇಂದ್ರದ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಕಡೆ ಇರಲಿ. ಫೈಲಿಗೆ ಹಾಡಿದವರ ಹೆಸರು, ಊರು, ದಿನಾಂಕ ಬರೆಯಿರಿ. ಕಳಚುವಾಗ "ಇಜೆಕ್ಟ್" ಕೊಟ್ಟ ಮೇಲೆಯೇ ಕೇಬಲ್ ಎಳೆಯಿರಿ.

ಪ್ಲೇಯರ್ ಹಾಳಾದರೆ ಇನ್ನೊಂದು ಕೊಳ್ಳಬಹುದು. ನಮ್ಮನ್ನು ಅಗಲಿದ ಉಪದೇಶಿಯ ಪ್ರಾರ್ಥನೆಯ ದನಿಯನ್ನು ಮತ್ತೆ ರೆಕಾರ್ಡ್ ಮಾಡಲು ಯಾರಿಂದಲೂ ಆಗದು. ಇವತ್ತೇ ನಿಮ್ಮ ಪ್ಲೇಯರನ್ನು ತೆಗೆದು ಒಂದು ಪ್ರತಿ ಮಾಡಿಟ್ಟುಕೊಳ್ಳಿ.