ಕೋಳಿಗೆ ಕೊರೋನಾ ಉಂಟೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ)

2020ನೆಯ ಇಸವಿಯ ಮಾರ್ಚ್ ತಿಂಗಳು. ಕೂಡ್ಲಿಗಿ ಸೀಮೆಯ ನಮ್ಮ ಹಳ್ಳಿಗೆ ಕೊರೋನಾ ಇನ್ನೂ ಬಂದಿರಲಿಲ್ಲ. ಅದರ ಸುದ್ದಿ ಮಾತ್ರ ಬಂದಿತ್ತು. ಕೋಳಿ ತಿಂದವರಿಗೆ ಆ ರೋಗ ತಗಲುವುದೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ ಬಂದು ಅರಳಿಕಟ್ಟೆಯ ಮೇಲೆ ಕುಳಿತುಬಿಟ್ಟಿತು. ನಮ್ಮವ್ವ ಹಿತ್ತಲಲ್ಲಿ ಹದಿನಾರು ನಾಟಿಕೋಳಿಗಳನ್ನು ಸಾಕಿದ್ದಳು. ನನ್ನ ಪುಸ್ತಕದ ಖರ್ಚು, ಪರೀಕ್ಷೆಯ ಫೀಜು ಎಲ್ಲವೂ ಆ ಕೋಳಿಗಳಿಂದಲೇ ಹೊರಡಬೇಕಾಗಿತ್ತು. ಸಂತೆಯಲ್ಲಿ ಕೇಳುವವರೇ ಇಲ್ಲದಾಗ ಅವನ್ನು ಬಂದ ಬೆಲೆಗೆ ಕೊಡಬೇಕಾಯಿತು. ಕೊಡುವ ಮುನ್ನ ಅವ್ವ ನನ್ನನ್ನು ಕೇಳಿದಳು: “ನೀನು ಓದಾವನು, ಹೇಳಪಾ. ಕೋಳಿಗೆ ಕೊರೋನಾ ಇರ್ತೈತೇನು?” ಹೈಸ್ಕೂಲಿನಲ್ಲಿದ್ದ ನಾನು ಉತ್ತರ ತಿಳಿಯದೆ ಸುಮ್ಮನೆ ನಿಂತೆ.

ನಮ್ಮದು ಹದಿನಾರು ಕೋಳಿಗಳ ಕಥೆ. ಅದೇ ತಿಂಗಳು ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಕೋಳಿ ಸಾಕುವವರೊಬ್ಬರು ಬೆಲೆ ಬಿದ್ದುದರಿಂದ ಬೇಸತ್ತು, ತಮ್ಮ ಸಾವಿರಾರು ಕೋಳಿಗಳನ್ನು ಜೀವಂತವಾಗಿಯೇ ಗುಂಡಿಯಲ್ಲಿ ಹೂಳಿಸಿದರು. ಆ ಚಿತ್ರವನ್ನು ಆಗ ನಾಡೆಲ್ಲ ನೋಡಿತು.

ಕಲಾ ವಿಭಾಗದವನಿಗೆ ವಿಜ್ಞಾನದ ಗೊಡವೆ ಏಕೆಂದು ಅಧ್ಯಾಪಕರು ನಕ್ಕರೂ ಚಿಂತೆಯಿಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ, ಅವ್ವನ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹುಡುಕುವುದು ನನ್ನ ಪಾಲಿನ ಕೆಲಸವೆಂದು ತಿಳಿದೆ. ದೊರೆತ ಉತ್ತರವು ನನಗೇ ಆಶ್ಚರ್ಯ ತಂದಿತು. ಕೋಳಿಗೆ ಕೊರೋನಾ ಉಂಟು! ಮನುಷ್ಯನ ಕೊರೋನಾ ಪತ್ತೆಯಾಗುವುದಕ್ಕೆ ಮೂವತ್ತು ವರ್ಷಗಳಿಗೂ ಮೊದಲೇ ಅದರ ರೋಗವು ಪತ್ತೆಯಾಗಿತ್ತು. ಆದರೆ ಅದು ಕೋಳಿಯದೇ ಆದ ಕೊರೋನಾ, ನಮ್ಮದಲ್ಲ.

1931ರಲ್ಲಿ ಅಮೆರಿಕದ ಉತ್ತರ ಡಕೋಟಾದಲ್ಲಿ ಷಾಕ್ ಮತ್ತು ಹಾನ್ ಎಂಬ ಇಬ್ಬರು ಕೋಳಿಮರಿಗಳ ಹೊಸದೊಂದು ರೋಗವನ್ನು ವರ್ಣಿಸಿದರು. ಮರಿಗಳು ಕೊರಳು ಚಾಚಿ, ಬಾಯಿ ತೆರೆದು, ಗೊರಗೊರನೆ ಉಸಿರೆಳೆದು ಸಾಯುತ್ತಿದ್ದವು. ಅದಕ್ಕೆ ಸಾಂಕ್ರಾಮಿಕ ಬ್ರಾಂಕೈಟಿಸ್ ಎಂದು ಹೆಸರಾಯಿತು. 1937ರಲ್ಲಿ ಬೋಡೆಟ್ ಮತ್ತು ಹಡ್ಸನ್ ಎಂಬುವರು ಅದರ ವಿಷಾಣುವನ್ನು ಮರಿಗಟ್ಟುತ್ತಿರುವ ಮೊಟ್ಟೆಯೊಳಗೇ ಬೆಳೆಸಿದರು. ವಿಷಾಣುವು ಜೀವಕೋಶದ ಹೊರಗೆ ಬೆಳೆಯಲಾರದಷ್ಟೆ. ಆದ್ದರಿಂದ ಮೊಟ್ಟೆಯೇ ಅದಕ್ಕೆ ಹೊಲವಾಯಿತು. ಮುಂದೆ ಈ ರೋಗಕ್ಕೆ ಲಸಿಕೆಯೂ ಬಂದಿತು. ಇಂದು ಫಾರಂ ಕೋಳಿಗಳಿಗೆ ಅದನ್ನು ಕಣ್ಣಿನ ಹನಿಯಾಗಿಯೋ ಕುಡಿಯುವ ನೀರಿನಲ್ಲಿಯೋ ಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕೋಳಿ ಸತ್ತರೆ ಎಲ್ಲಕ್ಕೂ ‘ಕೊಕ್ಕರೆ ರೋಗ’ವೆಂದು ಒಂದೇ ಹೆಸರಿಡುವುದುಂಟು, ಕೊಕ್ಕರೆ ರೋಗದ ವಿಷಾಣುವೇ ಬೇರೆ, ಇದೇ ಬೇರೆ.

ಇನ್ನು ಮನುಷ್ಯನ ಸಂಗತಿ. ಇಂಗ್ಲೆಂಡಿನ ಸಾಲ್ಸ್‌ಬರಿಯ ಬಳಿ ನೆಗಡಿಯನ್ನೇ ಅಭ್ಯಸಿಸುವ ಸಂಸ್ಥೆಯೊಂದಿತ್ತು. ಶಾಲಾ ಬಾಲಕನೊಬ್ಬನ ನೆಗಡಿಯಿಂದ ದೊರೆತ ವಿಷಾಣುವನ್ನು ಅಲ್ಲಿಯ ಟಿರೆಲ್ ಮತ್ತು ಬೈನೋ 1965ರಲ್ಲಿ ಬೆಳೆಸಿ ತೋರಿಸಿದರು. ಅದರ ರೂಪವನ್ನು ಕಂಡವಳು ಜೂನ್ ಅಲ್ಮೇಡಾ. ಈಕೆಯ ವಿಷಯ ಸ್ವಲ್ಪ ಹೆಚ್ಚು ಹೇಳಲು ನನಗೆ ಆಸೆ. ಗ್ಲಾಸ್ಗೋ ನಗರದ ಬಸ್ ಚಾಲಕನ ಮಗಳು. 16ನೆಯ ವಯಸ್ಸಿನಲ್ಲಿ ಓದು ನಿಲ್ಲಿಸಿ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದವಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೈ ಪಳಗಿಸಿಕೊಂಡು, ಕೋಳಿಯ ಈ ವಿಷಾಣುವನ್ನು ಆಕೆ ಮೊದಲೇ ನೋಡಿದ್ದಳು. ಆದರೆ ಅವು ಇನ್‌ಫ್ಲುಯೆಂಜಾ ವಿಷಾಣುವಿನ ಕೆಟ್ಟ ಚಿತ್ರಗಳೆಂದು ಹೇಳಿ ಬಲ್ಲವರು ಆಕೆಯ ಲೇಖನವನ್ನು ಹಿಂದಿರುಗಿಸಿದ್ದರು! ಟಿರೆಲ್ ಕಳಿಸಿದ ನೆಗಡಿಯ ವಿಷಾಣುವಿನಲ್ಲಿಯೂ ಅದೇ ರೂಪ ಕಂಡಾಗ ಆಕೆಯ ಮಾತು ನಿಂತಿತು. ಗುಂಡನೆಯ ಒಡಲು, ಸುತ್ತಲೂ ದೇವರ ಹಿಂದಿನ ಪ್ರಭಾವಳಿಯಂತೆ ಮುಳ್ಳುಗಳ ಸಾಲು. 1968ರಲ್ಲಿ ಈ ಕುಲಕ್ಕೆ ಕೊರೋನಾ ಎಂದು ನಾಮಕರಣವಾಯಿತು.

ಮನುಷ್ಯನಿಗೆ ತಗಲುವ ಕೊರೋನಾಗಳು ಇದುವರೆಗೆ ಏಳು ಚೆನ್ನಾಗಿ ಗೊತ್ತಾಗಿವೆ. ನಾಲ್ಕು ಬರಿಯ ನೆಗಡಿಯವು. ಉಳಿದವು 2002ರ ಸಾರ್ಸ್, 2012ರ ಮೆರ್ಸ್, 2019ರ ಕೋವಿಡ್ ರೋಗಗಳವು. ಮೆರ್ಸ್ ಒಂಟೆಗಳಿಂದ ಬಂದುದು ಖಚಿತ; ಕೋವಿಡ್ ವಿಷಾಣುವಿನ ಹತ್ತಿರದ ಬಂಧುಗಳು ಬಾವಲಿಗಳಲ್ಲಿವೆ, ಅದು ಬಂದ ದಾರಿಯ ಬಗೆಗೆ ಮಾತ್ರ ವಾದ ಮುಗಿದಿಲ್ಲ. ನೆಗಡಿಯ ನಾಲ್ಕರಲ್ಲಿ ಓಸಿ-43 ಎಂಬುದು ಕರುಗಳಿಗೆ ಭೇದಿ ಹಿಡಿಸುವ ದನದ ಕೊರೋನಾಕ್ಕೆ ತೀರ ಹತ್ತಿರದ್ದು. ಅದು ಸುಮಾರು 1890ರ ಹೊತ್ತಿಗೆ ಕೊಟ್ಟಿಗೆಯಿಂದ ಮನೆಯೊಳಕ್ಕೆ ಬಂದಿರಬಹುದೆಂದು ಬೆಲ್ಜಿಯಂ ವಿಜ್ಞಾನಿಗಳು 2005ರಲ್ಲಿ ಲೆಕ್ಕ ಹಾಕಿದರು.

ಹಾಗಾದರೆ ಕೋಳಿಯ ಮೇಲಿನ ಸಂಶಯ ಸರಿಯೇ ಎಂದು ವಾಚಕರು ಕೇಳಬಹುದು. ಅಲ್ಲ. ವಿಷಾಣುವಿನ ಮುಳ್ಳು ಒಂದು ಕೀಲಿಕೈ ಇದ್ದಂತೆ. ಜೀವಕೋಶದ ಮೇಲೆ ಅದಕ್ಕೆ ಹೊಂದುವ ಬೀಗವಿದ್ದರೆ ಮಾತ್ರ ಒಳಗೆ ಪ್ರವೇಶ. ಕೋಳಿಯ ಕೊರೋನಾ ‘ಗಾಮಾ’ ಎಂಬ ಪಂಗಡದ್ದು, ಮನುಷ್ಯನ ಏಳೂ ‘ಆಲ್ಫಾ’, ‘ಬೀಟಾ’ ಪಂಗಡದವು. 2020ರಲ್ಲಿ ಜರ್ಮನಿ, ಅಮೆರಿಕಗಳಲ್ಲಿ ಬೇಕೆಂದೇ ಕೋಳಿಗಳಿಗೆ ಕೋವಿಡ್ ವಿಷಾಣುವನ್ನು ಕೊಟ್ಟು ನೋಡಿದರು. ಅವುಗಳಲ್ಲಿ ಅದು ಬೆಳೆಯಲೇ ಇಲ್ಲ. ಬದಲಿಗೆ ರೋಗವು ನಮ್ಮಿಂದ ಪ್ರಾಣಿಗಳಿಗೆ ಹೋದ ನಿದರ್ಶನಗಳುಂಟು. ಡೆನ್ಮಾರ್ಕಿನ ಮಿಂಕ್ ಎಂಬ ತುಪ್ಪಳದ ಪ್ರಾಣಿಗಳಿಗೆ ಮನುಷ್ಯರಿಂದ ತಗಲಿತು. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಿಗೂ ಕೋವಿಡ್ ಬಂದಿತ್ತು. ಸಿಂಹವು ಸಂತೆಗೆ ಹೋಗುವುದಿಲ್ಲವಲ್ಲ!

ಈಚೆಗೆ ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಹಿತ್ತಲಲ್ಲಿ ಈಗ ಮತ್ತೆ ಒಂಬತ್ತು ಕೋಳಿಗಳಿವೆ. ಮೊರದಲ್ಲಿದ್ದ ನುಚ್ಚನ್ನು ಅವುಗಳ ಮುಂದೆ ಚೆಲ್ಲುತ್ತ ಎಲ್ಲವನ್ನೂ ಕೇಳಿದ ಅವ್ವ, “ಹಂಗಾದ್ರ ನಮ್ಮಿಂದ ಇವಕ್ಕ ಬರಂಗಿಲ್ಲ ಅಲ್ಲ?” ಎಂದಳು. ಬರುವುದಿಲ್ಲವೆಂದೆ.