ಉಪ್ಪು ಬೆವರುವ ಕುಳ್ಳ ಕಾಡು: ಕತಾರಿನ ಕಾಂಡ್ಲಾ

ಇವತ್ತಿನ ಸಂಚಿಕೆಯಲ್ಲಿ ನಿಮ್ಮನ್ನು ಕತಾರಿನ ಒಂದು ಕಾಡಿಗೆ ಕರ್ಕೊಂಡು ಹೋಗ್ತೀವಿ. ಕತಾರಿನಲ್ಲಿ ಎಂಥಾ ಕಾಡು ಅಂತ ನಗಬೇಡಿ. ದೋಹಾದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಅಲ್ ಖೋರ್ ಪಟ್ಟಣ, ಅದರಾಚೆ ಅಲ್ ಥಕೀರಾ. ದಾರಿಯುದ್ದಕ್ಕೂ ಕಣ್ಣು ಕೋರೈಸುವ ಬಯಲು. ರಸ್ತೆ ಸಮುದ್ರದ ಹತ್ತಿರ ಬರುತ್ತಿದ್ದಂತೆ ಏಕಾಏಕಿ ಹಸಿರು. ಕತಾರ್ ಸರ್ಕಾರ ಕಾಯ್ದಿಟ್ಟ ನಿಸರ್ಗಧಾಮ ಇದು. ನಮ್ಮ ಕರಾವಳಿಯವರ ಮಾತಿನಲ್ಲಿ ಹೇಳೋದಾದ್ರೆ ಕಾಂಡ್ಲಾ ಕಾಡು.

ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ನಡಿಗೆ ನೋಡಿದವರಿಗೆ ಇಲ್ಲಿ ಮೊದಲು ಆಗುವುದು ನಿರಾಸೆ. ಅಲ್ಲಿ ತಲೆಯ ಮೇಲೆ ಚಪ್ಪರ, ಊರುಗೋಲಿನ ಹಾಗೆ ಕೆಸರಿಗಿಳಿದ ಬೇರುಗಳು, ನುಗ್ಗೆಕಾಯಿ ತುಂಡಿನಂತೆ ಜೋತಾಡುವ ಮೊಳಕೆಗಳು, ಹಲವು ಜಾತಿಯ ಮರಗಳು. ಇಲ್ಲಿ ಸಹಜವಾಗಿ ಬೆಳೆಯುವುದು ಒಂದೇ ಒಂದು ಜಾತಿ, ಅವಿಸೆನ್ನಿಯಾ ಮರೀನಾ. ಎರಡಾಳೆತ್ತರ ಬೆಳೆದರೆ ದೊಡ್ಡ ಮರ ಅನ್ನಬೇಕು. ನಮ್ಮ ಜೊತೆ ಬಂದಿದ್ದ ಮಂಗಳೂರು ಕಡೆಯ ಗೆಳೆಯರೊಬ್ಬರು, "ಇದೆಂಥ ಮಾರಾಯ್ರೆ, ಬೇಲಿ ಗಿಡದ ಹಾಗೆ ಉಂಟಲ್ಲ!" ಅಂದರು.

ಆ ಬೇಲಿ ಗಿಡ ಯಾವ ಜಾಗದಲ್ಲಿ ನಿಂತಿದೆ ಅನ್ನೋದನ್ನು ಸ್ವಲ್ಪ ನೋಡಿ. ಹೊನ್ನಾವರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಜೊತೆಗೆ ಘಟ್ಟದಿಂದ ಇಳಿದು ಬರುವ ಸಿಹಿನೀರು. ಕತಾರಿನಲ್ಲಿ ಮಳೆ 100 ಮಿಲಿಮೀಟರ್ ಕೂಡ ದಾಟೋದು ಅಪರೂಪ. ಇಡೀ ದೇಶದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ತೆರೆದ ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಈ ಕೊಲ್ಲಿಯಲ್ಲಿ ಅದು 40 ಗ್ರಾಂ ದಾಟುತ್ತದೆ. ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ, ಹಾಗಾಗಿ ನೀರು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ಮುಟ್ಟುವ ನೀರು ಚಳಿಗಾಲದಲ್ಲಿ 20 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕತಾರ್ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿ. ಉಷ್ಣವಲಯದ ಈ ಮರಕ್ಕೆ ಉಪ್ಪಿನ ಕಾಟ ಸಾಲದು ಅಂತ ಚಳಿಯ ಕಾಟವೂ ಇದೆ. ಇಷ್ಟೆಲ್ಲ ತಡೆದುಕೊಂಡು ಉಳಿದಿರೋದು ಈ ಒಂದೇ ಜಾತಿ. ಕುಳ್ಳಾಗಿರೋದು ಅದಕ್ಕೆ ತೆತ್ತ ಬೆಲೆ.

ಹೇಗೆ ತಡೆದುಕೊಳ್ಳುತ್ತದೆ? ಮೊದಲ ಕಾವಲು ಬೇರಿನಲ್ಲಿದೆ. ನೀರು ಒಳಗೆ ಬರುವಾಗಲೇ ಉಪ್ಪಿನ ಬಹುಪಾಲನ್ನು ಬೇರು ಸೋಸಿ ಹೊರಗೇ ಬಿಡುತ್ತದೆ. ಆದರೂ ನುಸುಳಿದ ಉಪ್ಪನ್ನು ಎಲೆಯ ಮೇಲಿರುವ ಸಣ್ಣ ಗ್ರಂಥಿಗಳು ಹೊರಹಾಕುತ್ತವೆ. ಎಲೆಯನ್ನು ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿಕೊಂಡರೆ ಗೊತ್ತಾಗುತ್ತೆ, ಉಪ್ಪಿನಕಾಯಿ ಜಾಡಿಯ ಅಂಚು ನೆಕ್ಕಿದ ಹಾಗೆ. (ಎಲೆ ಕೀಳಬೇಡಿ, ಸವರಿದರೆ ಸಾಕು.)

ಇನ್ನು ಉಸಿರಾಟ. ಸದಾ ನೀರು ಕುಡಿದ ಈ ಕೆಸರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ನೆಲದಡಿಯ ಬೇರುಗಳಿಂದ ಪೆನ್ಸಿಲ್ ನೆಟ್ಟ ಹಾಗೆ ಸಾಲು ಸಾಲಾಗಿ ಕವಲುಗಳು ಮೇಲೆದ್ದು ನಿಲ್ಲುತ್ತವೆ. ಮರದ ಮೂಗುಗಳು ಅನ್ನಿ. ಅವುಗಳ ತೊಗಟೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ಫೋಟೋಗೆ ಅಂತ ಕೆಸರಿಗಿಳಿದವರು ತುಳಿದು ಮುರಿಯೋದು ಇದನ್ನೇ.

ಕೊಲ್ಲಿಯ ಇತಿಹಾಸ ಗೊತ್ತಾದರೆ ಈ ಮರದ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ. ಕಳೆದ ಹಿಮಯುಗದ ತುತ್ತತುದಿಯಲ್ಲಿ ಸಮುದ್ರಮಟ್ಟ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಇಲ್ಲಿ ಕೊಲ್ಲಿಯೇ ಇರಲಿಲ್ಲ, ಬರೀ ಒಣ ಕಣಿವೆ. ಹಿಮ ಕರಗಿದಂತೆ ಕಡಲು ಹಂತಹಂತವಾಗಿ ಒಳಬಂತು. ಈಗಿನ ತೀರ ರೂಪುಗೊಂಡು ಸುಮಾರು 6000 ವರ್ಷ ಆಗಿರಬಹುದು. ಅಂದ್ರೆ ಈ ಕಾಂಡ್ಲಾದ ಪೂರ್ವಜರು ಅರಬ್ಬೀ ಸಮುದ್ರದ ಕಡೆಯಿಂದ ತೇಲಿಬಂದ ಬೀಜಗಳು. ವಿಕಾಸದ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಇಷ್ಟು ಕಡಿಮೆ ಸಮಯದಲ್ಲಿ ಇಂಥ ಉಪ್ಪಿಗೆ, ಇಂಥ ಬಿಸಿಗೆ, ಇಂಥ ಚಳಿಗೆ ಒಗ್ಗಿಕೊಂಡ ಮರದ ವಂಶವಾಹಿಗಳಲ್ಲಿ ಏನಿದೆ ಅನ್ನೋ ಪ್ರಶ್ನೆ ನಮ್ಮಂಥ ಜೀವವಿಜ್ಞಾನಿಗಳನ್ನು ಸುಮ್ಮನೆ ಬಿಡೋದಿಲ್ಲ. 2021ರಲ್ಲಿ ಭುವನೇಶ್ವರದ ಜೀವವಿಜ್ಞಾನ ಸಂಸ್ಥೆ ಮತ್ತು ತಮಿಳುನಾಡಿನ ಎಸ್‌ಆರ್‌ಎಂ ಸಂಸ್ಥೆಯ ವಿಜ್ಞಾನಿಗಳು ಇದೇ ಜಾತಿಯ ಪೂರ್ಣ ಜೀನೋಮನ್ನು ಪ್ರಕಟಿಸಿದರು. ಉಪ್ಪು ತಡೆಯುವ ಬೆಳೆಗಳನ್ನು ರೂಪಿಸಲು ಅದು ನೆರವಾಗಬಹುದು ಅನ್ನೋದು ಆಸೆ.

ಕುಮಟಾ ಕಡೆಯ ಕೇಳುಗರಿಗೆ ಇಲ್ಲಿ ಕಗ್ಗ ಭತ್ತ ನೆನಪಾಗಿರಬೇಕು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ಬದುಕುವ ತಳಿ. ಇಳುವರಿ ಲೆಕ್ಕ ಹಾಕಿದರೆ ಕಗ್ಗ ಸೋಲುತ್ತದೆ, ಆದರೆ ಬೇರೆ ಭತ್ತ ಆ ಗದ್ದೆಯಲ್ಲಿ ನಿಲ್ಲುವುದೇ ಇಲ್ಲ. ಕತಾರಿನ ಕಾಂಡ್ಲಾವನ್ನೂ ಹಾಗೇ ನೋಡಬೇಕು ಅಂತ ನಮಗನ್ನಿಸುತ್ತದೆ.

ಈ ಮಾತು ಯಾಕೆ ಹೇಳ್ತಿದ್ದೀವಿ ಅಂದ್ರೆ, ಈಗ ಕಾಂಡ್ಲಾ ಅಂದ ಕೂಡಲೇ ಎಲ್ಲರೂ ಮಾತಾಡೋದು ಇಂಗಾಲದ ಬಗ್ಗೆ. ಕಾಂಡ್ಲಾ ಕೆಸರು ಇಂಗಾಲ ಹೂತಿಡುವುದು ನಿಜ. ಆದರೆ ಈ ಕೊಲ್ಲಿಯ ಕಾಂಡ್ಲಾ ಮಣ್ಣಿನಲ್ಲಿ ಅಳತೆ ಮಾಡಿದವರಿಗೆ ಸಿಕ್ಕಿದ್ದು ಜಾಗತಿಕ ಸರಾಸರಿಗಿಂತ ಕಡಿಮೆ ಇಂಗಾಲ. ಮರ ಸಣ್ಣದು, ಬೆಳವಣಿಗೆ ನಿಧಾನ, ಇನ್ನೇನಾಗಬೇಕು? ಹಾಗಿದ್ದೂ ಸಸಿ ಎಣಿಸುವ ಉತ್ಸಾಹ ಈ ಭಾಗದಲ್ಲೆಲ್ಲ ಜೋರಾಗಿದೆ. ಪಕ್ಕದ ಯುಎಇ 2030ರೊಳಗೆ 10 ಕೋಟಿ ಕಾಂಡ್ಲಾ ಸಸಿ ನೆಡುವ ಗುರಿ ಇಟ್ಟುಕೊಂಡಿದೆ. ನೆಡೋದು ತಪ್ಪಲ್ಲ. ಆದರೆ ಎಲ್ಲಿ ನೆಡುತ್ತೀರಿ? ಇಳಿತದಲ್ಲಿ ತೆರೆದುಕೊಳ್ಳುವ ಬೋಳು ಕೆಸರು ನಮಗೆ ಖಾಲಿ ಜಾಗ. ಚಳಿಗಾಲಕ್ಕೆ ಬರುವ ಫ್ಲಮಿಂಗೊಗಳಿಗೂ ಉದ್ದ ಕಾಲಿನ ಸಣ್ಣ ಹಕ್ಕಿಗಳಿಗೂ ಅದೇ ಊಟದ ತಟ್ಟೆ. ಅಲ್ಲಿ ಸಾಲಾಗಿ ಸಸಿ ನೆಟ್ಟರೆ ಫೋಟೋ ಚೆನ್ನಾಗಿ ಬರಬಹುದು, ಹಕ್ಕಿಗೆ ಊಟ ತಪ್ಪುತ್ತದೆ. ನಮ್ಮನ್ನು ಕೇಳಿದರೆ, ಉಬ್ಬರದ ನೀರು ಒಳಬರುವ ಕಾಲುವೆಗಳಿಗೆ ಮಣ್ಣು ತುಂಬದೆ ಬಿಟ್ಟರೆ ಈ ಮರ ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳುತ್ತದೆ. ಬೀಜ ಮರದ ಮೇಲಿರುವಾಗಲೇ ಸಿಪ್ಪೆಯೊಳಗೆ ಮೊಳೆತಿರುತ್ತದೆ. ನೀರಿಗೆ ಬಿದ್ದು, ಸಿಪ್ಪೆ ಕಳಚಿ, ಎಲ್ಲಿ ನಿಂತೀತೋ ಅಲ್ಲಿ ಬೇರು ಬಿಡುತ್ತದೆ.

ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಉಬ್ಬರ ಇಳಿತದ ಸಮಯ ನೋಡಿಕೊಂಡೇ ಹೊರಡಿ. ಉಬ್ಬರವಿದ್ದರೆ ಕಯಾಕ್‌ನಲ್ಲಿ ಮರಗಳ ನಡುವಿನ ಕಾಲುವೆಗಳಲ್ಲಿ ಹುಟ್ಟು ಹಾಕುತ್ತಾ ಹೋಗಬಹುದು, ಬೇರಿಗೂ ಪೆಟ್ಟಾಗೋದಿಲ್ಲ. ಇಳಿತವಿದ್ದರೆ ಅಲ್ ಖೋರ್ ಹತ್ತಿರದ ಬಿನ್ ಘನ್ನಾಮ್ ದ್ವೀಪಕ್ಕೆ ಹೋಗಿ. ನೇರಳೆ ದ್ವೀಪ ಅಂತಲೂ ಕರೀತಾರೆ. ಸುಮಾರು 3500 ವರ್ಷಗಳ ಹಿಂದೆ ಇಲ್ಲಿ ಒಂದು ಜಾತಿಯ ಸಮುದ್ರದ ಬಸವನಹುಳುವನ್ನು ಜಜ್ಜಿ ನೇರಳೆ ಬಣ್ಣ ತೆಗೆಯುತ್ತಿದ್ದರು. ಪುರಾತತ್ವ ತಜ್ಞರಿಗೆ ಸಿಕ್ಕಿದ್ದು ಲಕ್ಷಗಟ್ಟಲೆ ಒಡೆದ ಚಿಪ್ಪುಗಳ ರಾಶಿ. ಅದರ ಸುತ್ತಲೂ ಇದೇ ಕುಳ್ಳ ಮರಗಳು, ಬುಡದಲ್ಲಿ ಏಡಿಗಳು, ಮತ್ತೆ ಜಜ್ಜಿಸಿಕೊಳ್ಳುವ ಭಯವಿಲ್ಲದ ಬಸವನಹುಳುಗಳು. ನೀರು ಮತ್ತು ಟೋಪಿ ಮರೀಬೇಡಿ, ನೆರಳು ಕೊಡುವಷ್ಟು ಎತ್ತರ ಈ ಕಾಡಿಗಿಲ್ಲ.