ನೀಲಿ ದ್ರಾಕ್ಷಿ, ಕೆಂಪು ವೈನ್

ಜಯನಗರ, ಬನಶಂಕರಿ, ಜೆ.ಪಿ. ನಗರದ ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ರಾಶಿ ಬೀಳುವ ಬೆಂಗಳೂರು ಬ್ಲೂ ದ್ರಾಕ್ಷಿಯೇ ನಂದಿ ಬೆಟ್ಟದ ತಪ್ಪಲಿನ ಹೆಸರಾಂತ ಕೆಂಪು ವೈನಿಗೂ ಮೂಲವೆಂದು ನಂಬುವವರಿದ್ದಾರೆ. ನೀಲಿ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದರಿಂದ ಈ ನಂಬಿಕೆ ಸಹಜವೆನಿಸಿದರೂ ವಾಸ್ತವ ಬೇರೆಯೇ ಆಗಿದೆ. ಸಿಪ್ಪೆಯನ್ನು ಹಿಚುಕಿದೊಡನೆ ತಿರುಳು ಇಡಿಯಾಗಿ ಜಾರಿ ಹೊರಬರುವ ಈ ಹಣ್ಣು ಅಮೆರಿಕ ಮೂಲದ ಲಾಬ್ರುಸ್ಕಾ ಎಂಬ ಪ್ರಭೇದದ ಗುಣಗಳನ್ನು ಹೊತ್ತಿದೆ. ಅದರ ಗಾಢ ಪರಿಮಳಕ್ಕೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತವನ್ನೇ ದ್ರಾಕ್ಷಿ ಸ್ವಾದದ ಮಿಠಾಯಿಗಳಿಗೂ ಬಳಸುತ್ತಾರೆ. ಹಣ್ಣಿನ ರಸ, ಜಾಮ್ ಹಾಗೂ ಸಿಹಿ ವೈನುಗಳಿಗೆ ಈ ಘಮ ಒಪ್ಪುತ್ತದೆಯಾದರೂ ಸಕ್ಕರೆಯೆಲ್ಲ ಹುದುಗಿ ಕಳೆದ ವೈನಿನಲ್ಲಿ ಅದೊಂದೇ ಮುಂದಾಗಿ ಉಳಿದ ಸ್ವಾದಗಳನ್ನು ಮರೆಮಾಡುತ್ತದೆ. ಆದ್ದರಿಂದಲೇ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಗ್ರೋವರ್ ಸಂಸ್ಥೆಯು ಯುರೋಪಿನ ವಿನಿಫೆರಾ ಪ್ರಭೇದದ ತಳಿಗಳನ್ನು ನೆಚ್ಚಿಕೊಂಡಿತು. ಅದರ ಪ್ರಸಿದ್ಧ ಲಾ ರಿಸರ್ವ್ ಕೆಂಪು ವೈನು ಕ್ಯಾಬರ್ನೆ ಸೊವಿನ್ಯೊನ್ ಮತ್ತು ಶಿರಾಜ್‌ಗಳ ಮಿಶ್ರಣವಾಗಿದೆ.

ಕೆಂಪು ವೈನು ಸಿಹಿಯಾಗಿಯೇ ಇರಬೇಕೆಂಬ ಎಣಿಕೆಯೂ ನಿಲ್ಲುವುದಿಲ್ಲ. ಅದು ಹುದುಗುವಿಕೆಯನ್ನು ನಡುವೆ ತಡೆದೋ, ಸಕ್ಕರೆ ಬೆರೆಸಿಯೋ ಮಾಡಿದ ಪೋರ್ಟ್ ಮಾದರಿಯ ವೈನುಗಳಿಂದ ಬಂದ ರೂಢಿಯಾಗಿರಬೇಕು. ಊಟದೊಡನೆ ಸವಿಯುವ ಕೆಂಪು ವೈನಿನಲ್ಲಿ ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಬಹುಪಾಲು ಮದ್ಯಸಾರವನ್ನಾಗಿ ಮಾರ್ಪಡಿಸಿರುತ್ತದೆ. ತಿರುಳಿಗೆ ಬಣ್ಣವಿಲ್ಲದ ಕಾರಣ ರಸವನ್ನು ಸಿಪ್ಪೆಯೊಡನೆಯೇ ಹುದುಗಿಸುತ್ತಾರೆ. ಕೆಂಬಣ್ಣದ ಜೊತೆಗೆ ಟ್ಯಾನಿನ್, ಅಂದರೆ ಎಳೆಯ ಬಾಳೆಕಾಯಿಯಂತೆ ನಾಲಗೆಯನ್ನು ಹಿಡಿಯುವ ಒಗರು, ಸಿಪ್ಪೆ ಮತ್ತು ಬೀಜಗಳಿಂದ ಬರುತ್ತದೆ. ಈ ವೈನು ಹೃದಯಕ್ಕೆ ಔಷಧವೆಂಬ ಮಾತಿಗಂತೂ ಆಧಾರ ಸಾಲದು: ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕೆಂಬ ನಿಯಮವು ಯುರೋಪಿನ ತಣ್ಣನೆಯ ಮನೆಗಳಲ್ಲಿ ಹುಟ್ಟಿದ್ದು. ಅಲ್ಲಿ ಕೋಣೆಯೆಂದರೆ ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಬಿ.ಟಿ.ಎಂ. ಬಡಾವಣೆಯ ಮಹಡಿಮನೆಯಲ್ಲಿ ಇದನ್ನು ಅಕ್ಷರಶಃ ಪಾಲಿಸಿದರೆ ಮದ್ಯಸಾರದ ಘಾಟೊಂದೇ ಮೂಗಿಗೆ ಅಡರುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಹಣ್ಣಿನ ಸ್ವಾದ ಮತ್ತೆ ತಿಳಿಯಾಗಿ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ತಿದ್ದಬೇಕಾದದ್ದು, ಕೆಂಪು ವೈನು ಮಾಂಸಕ್ಕೇ ಮೀಸಲು, ಸಸ್ಯಾಹಾರಿ ಅಡುಗೆಗೆ ಹೊಂದದು ಎಂಬ ತೀರ್ಮಾನ. ಹೊಂದಿಕೆಯನ್ನು ನಿರ್ಧರಿಸುವುದು ಮಾಂಸಕ್ಕಿಂತ ಹೆಚ್ಚಾಗಿ ಮಸಾಲೆ, ಹುಳಿ ಮತ್ತು ಜಿಡ್ಡು. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುವ ಗುಣದ್ದಾದುದರಿಂದ ಬರಿಬಾಯಿಯಲ್ಲಿ ಜೊಲ್ಲಿನ ಪ್ರೋಟೀನನ್ನೇ ಹಿಡಿದು ನಾಲಗೆಯನ್ನು ಒಣಗಿಸುತ್ತದೆ. ಕಡಲೆಕಾಯಿ, ಎಳ್ಳು, ಕೊಬ್ಬರಿ ಅರೆದು ತುಂಬಿದ ಬದನೆಕಾಯಿ ಎಣ್ಣೆಗಾಯಿಯೊಡನೆ ಸವಿದಾಗ ಅದೇ ಒಗರು ಮೆದುವಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಹೆಚ್ಚು, ಖಾರ ಕಡಿಮೆ ಆದ್ದರಿಂದ ಅದನ್ನು ಹಾಕಿದ ಅಡುಗೆ ವೈನಿಗೆ ಒಗ್ಗುತ್ತದೆ; ಗುಂಟೂರು ಮೆಣಸಿನಕಾಯಿಯ ಉರಿಯನ್ನಾದರೋ ಮದ್ಯಸಾರವು ಇನ್ನಷ್ಟು ಕೆರಳಿಸುತ್ತದೆ. ಕಾಳುಮೆಣಸಿನ ಮಾತು ಬೇರೆ. ಅದರ ಘಮಕ್ಕೆ ಕಾರಣವಾದ ರೊಟಂಡೋನ್ ಎಂಬ ಸಂಯುಕ್ತವೇ ಶಿರಾಜ್ ದ್ರಾಕ್ಷಿಯಲ್ಲೂ ಇರುವುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಹಾಗಾಗಿ ಮೆಣಸು ಹಾಕಿ ಹುರಿದ ಅಣಬೆಗೂ ಕುರಿಮಾಂಸಕ್ಕೂ ಶಿರಾಜ್ ವೈನು ಸಮಾನವಾಗಿ ಸಲ್ಲುತ್ತದೆ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರನ್ನು ತೆಂಗಿನಕಾಯಿ ಅರೆದು ಗಟ್ಟಿಯಾಗಿ ಮಾಡಿದರೆ ಅದೂ ಸೊಗಸಾಗಿ ಕೂಡುತ್ತದೆ. ಹುಣಸೆಹಣ್ಣು ಮುಂದಾದ ಬಿಸಿಬೇಳೆಬಾತ್ ಮತ್ತು ಗೊಜ್ಜುಗಳನ್ನು ಮಾತ್ರ ದೂರವಿಡುವುದು ಒಳಿತು, ಏಕೆಂದರೆ ತನಗಿಂತ ಹುಳಿಯಾದ ತಿನಿಸಿನ ಎದುರು ಎಂಥ ವೈನಾದರೂ ಸಪ್ಪೆಯೆನಿಸುತ್ತದೆ.